ಬಣ್ಣದ ಮೆಟ್ಟಿಲು

ಬ್ರೆಡ್ಡು ತರಲು ಹೋಗಿದ್ದ ಸುನ್ನಿವಾ ಅಟ್ಟದ ಕೋಣೆಯ ಬಾಗಿಲು ತೆಗೆದವಳು ಅಲ್ಲೇ ನಿಂತುಬಿಟ್ಟಳು.

ಯಾರೋ ಗಂಡಸು ಅವಳ ಚಿತ್ರದ ಮುಂದೆ ಮಂಡಿಯೂರಿ ಕುಳಿತು, ಸಣ್ಣ ಚಾಕುವಿನಿಂದ ಅದನ್ನು ಕೆರೆಯುತ್ತಿದ್ದ!

"ಯಾರ್ರೀ ನೀವು? ಏನ್ಮಾಡ್ತಿದೀರ ಇಲ್ಲಿ?"

ಅವನು ತಿರುಗಿ ನಕ್ಕ. "ಐವಿಂದ್ ಅಂತ. ಹಳೇ ಗೋಡೆ ಸರಿಮಾಡೋನು. ಕೆಳಗಿರೋ ಮನೆ ಓನರ್ ಬೋರ್ಗಿಲ್ಡ್ ಅಜ್ಜಿ ಕೀ ಕೊಟ್ರು. ಅಟ್ಟದ ಗೋಡೆಗೆ ಮೊದಲು ಯಾವ ಬಣ್ಣ ಇತ್ತು ನೋಡಬೇಕಂತೆ. ನೋಡಿ, ಬಣ್ಣದ ಮೆಟ್ಟಿಲು ಎಷ್ಟು ಚೆನ್ನಾಗಿ ಬಂದಿದೆ."

ಬರ್ಗೆನ್ ಪಟ್ಟಣದ ಹಳೆಯ ಮರದ ಮನೆಗಳಲ್ಲಿ ಇದು ಪದ್ಧತಿ. ಗೋಡೆಯ ಪದರಗಳನ್ನು ಸಣ್ಣ ಸಣ್ಣ ಚೌಕಗಳಲ್ಲಿ ಬಿಡಿಸುತ್ತಾ ಹೋಗುತ್ತಾರೆ. ಒಂದೊಂದು ಚೌಕದಲ್ಲೂ ಒಂದೊಂದು ತಲೆಮಾರಿನ ಬಣ್ಣ, ಮೆಟ್ಟಿಲಿನ ಹಾಗೆ. ಗೋಡೆಗಾದರೆ ಸರಿ. ಆದರೆ ಇದು ಗೋಡೆಗೆ ಬಡಿದ ದೊಡ್ಡ ಹಲಗೆ. ಇಡೀ ಚಳಿಗಾಲ ಅವಳು ಅದರ ಮೇಲೆ ಹಳೆ ಪತ್ರಿಕೆ, ಹರಕು ಬಟ್ಟೆ, ಸುಣ್ಣ, ಬಣ್ಣ, ಮೇಣ ಎಂದು ಪದರದ ಮೇಲೆ ಪದರ ಹಚ್ಚಿದ್ದಳು. ಬರುವ ವಾರ ಅವಳ ಮೊದಲ ಪ್ರದರ್ಶನ.

"ಅದು ಗೋಡೆ ಅಲ್ಲ ಕಣ್ರೀ. ನನ್ನ ಪೇಂಟಿಂಗ್."

ಅವನ ಕೈಯಿಂದ ಚಾಕು ಜಾರಿತು.

"ಕಣ್ಣು ಮನೇಲಿ ಬಿಟ್ಟು ಬಂದಿದ್ರಾ?"

"ನೂರು ವರ್ಷದ ಗೋಡೆ ಅಂತಾನೇ ಅಂದ್ಕೊಂಡೆ..."

"ಗಾಯಕ್ಕೆ ಉಪ್ಪು ಬೇರೆ ಸುರೀರಿ."

ಆಗ ಅವಳ ದೃಷ್ಟಿ ಕೊನೆಯ ಚೌಕದ ಮೇಲೆ ಬಿತ್ತು. ಕಪ್ಪು ಮಸಿಯಲ್ಲಿ ಬರೆದ ಒಂದು ಕಣ್ಣು ಅಲ್ಲಿಂದ ನೋಡುತ್ತಿತ್ತು. ಅವಳದೇ ಕಣ್ಣು.

ಆ ಹಲಗೆಯ ಮೇಲೆ ಅವಳು ಮೊದಲು ಬರೆದದ್ದು ತನ್ನದೇ ಮುಖ. ಅವಳನ್ನು ಮದುವೆಯಾಗಬೇಕಿದ್ದ ಸ್ಟೈನಾರ್ ಅದನ್ನು ನೋಡಿ, "ಇದ್ಯಾರು, ನೀನಾ? ಜಾಸ್ತಿನೇ ಚೆನ್ನಾಗಿ ಬರ್ಕೊಂಡಿದೀಯ" ಎಂದು ಗೆಳೆಯರ ಮುಂದೆ ನಕ್ಕಿದ್ದ. ಮದುವೆ ಮುರಿಯಿತು. ಆ ಮುಖದ ಮೇಲೆ ಅವಳು ಪತ್ರಿಕೆ ಅಂಟಿಸಿದ್ದು ಅಂದೇ.

ಯಾರೂ ನೋಡಬಾರದು ಅಂತ ತಾನೇ ಮುಚ್ಚಿದ್ದು... ಈಗ ಈ ದಾರಿಹೋಕ ನೋಡಿಬಿಟ್ಟನಲ್ಲ!

"ಕಿತ್ತಿದ್ದನ್ನೆಲ್ಲ ಹಾಗೇ ಮುಚ್ಚಿಕೊಡಿ," ಎಂದಳು. "ಅಲ್ಲೀವರೆಗೂ ನಿಮ್ಮನ್ನ ಬಿಡಲ್ಲ."

ಕಿತ್ತ ಚೂರುಗಳನ್ನು ಅವನು ಜೋಪಾನವಾಗಿ ಕಾಗದದ ನಡುವೆ ಇಟ್ಟಿದ್ದ. ದಿನವೂ ಕೆಲಸ ಮುಗಿಸಿ, ಹಿಟ್ಟಿನ ಅಂಟು ಹಿಡಿದು ಬರತೊಡಗಿದ. ಅವಳು ಕಾಫಿ ಕೊಡುತ್ತಿದ್ದಳು, ಅದೂ ಲೋಟ ಕುಕ್ಕಿ. ಆದರೂ ಅವನು ತಡವಾದ ದಿನ ಕಿಟಕಿಯ ಬಳಿಯೇ ಸುಳಿದಾಡುತ್ತಿದ್ದಳು. ಅದಕ್ಕೆ ಅವಳಿಗೆ ತನ್ನ ಮೇಲೂ ಸಿಟ್ಟು.

ಕೊನೆಗೆ ಕಣ್ಣಿನ ಚೌಕ ಮಾತ್ರ ಉಳಿಯಿತು. ಐವಿಂದ್ ಕುಂಚ ಕೆಳಗಿಟ್ಟ.

"ಇದೊಂದು ನನ್ನ ಕೈಲಾಗಲ್ಲ."

"ಯಾಕೆ, ನಿಮಗೂ ನಗು ಬರ್ತಿದೆಯಾ? ಅವತ್ತೂ ನಕ್ಕಿರಿ."

"ನಕ್ಕೆ. ಈ ಕಣ್ಣು ಸಿಕ್ಕಿದ ಖುಷಿಗೆ. ನೂರು ವರ್ಷದ ಹಿಂದೆ ಇವಳು ಈ ಮನೇಲಿದ್ದಿರಬೇಕು, ನನಗೆ ನೋಡೋಕೆ ಸಿಗಲಿಲ್ವಲ್ಲ ಅಂತ ಹೊಟ್ಟೆ ಉರೀತಿತ್ತು. ಅಷ್ಟರಲ್ಲಿ ಬಾಗಿಲು ತೆಗೆದು ನೀವೇ ಬಂದ್ರಿ."

ಸುನ್ನಿವಾ ಕಣ್ಣಿನ ಚೌಕದತ್ತ ತಿರುಗಿದಳು.

"ಇದನ್ನ ಅವತ್ತೇ ಹೇಳೋಕೇನಾಗಿತ್ತು?"

"ಬಾಯಿ ಬಿಡೋಕೆ ಬಿಟ್ರಾ ನೀವು? ಇಷ್ಟ ಆಗಿಬಿಟ್ಟಿದೀರ, ಸುನ್ನಿವಾ. ಇನ್ನು ಬೈದ್ರೆ ಬೈರಿ."

ಅವಳು ಬೈಯಲಿಲ್ಲ. ಇಷ್ಟು ದಿನ ಸ್ಟೈನಾರನಂಥವನ ನಗುವಿಗೆ ಹೆದರಿ ನನ್ನ ಮುಖವನ್ನೇ ಹೂತಿದ್ದೆನಲ್ಲ ಎಂದು ನೆನೆದು ಮೈ ಉರಿಯಿತು. ಕೈ ಚಾಚಿದಳು.

"ಕೊಡಿಲ್ಲಿ ಚಾಕು. ಒಂದೇ ಕಣ್ಣಲ್ಲಿ ಎಷ್ಟಂತ ನೋಡ್ತಾಳೆ ಅವಳು?"

"ಮೆಲ್ಲಗೆ... ಒಂದೊಂದೇ ಪದರ."

"ನನಗೆ ಹೇಳ್ಕೊಡೋಕೆ ಬರಬೇಡ ನೀನು."

ಆ 'ನೀನು' ಕೇಳಿ ಅವನು ಪಕ್ಕಕ್ಕೇ ಸರಿದು ಕುಳಿತ. ಪತ್ರಿಕೆಯ ಅಡಿಯಿಂದ ಇನ್ನೊಂದು ಕಣ್ಣು ಹೊರಬಂತು.

"ನಾಳೆ ಬರ್ತೀಯಲ್ಲ?" ಕೇಳಿದಳು.

"ಮುಚ್ಚೋಕೆ ಇನ್ನೇನೂ ಉಳಿದಿಲ್ವಲ್ಲ."

"ಬಾಯಿ ಇದೆಯಲ್ಲ, ಅದನ್ನ ಮುಚ್ಕೊಂಡು ಬಾ."