ಬೆನ್ನು ತಿರುಗಿಸುವ ನಿಯಮ

ಬಡಗಿಯ ಬೆಲ್ಟು ಬಿಚ್ಚಿಹೋದದ್ದು ಟೇಕ್ವಾಂಡೋ ಕ್ಲಾಸಿನ ಮೊದಲ ದಿನವೇ, ಅದೂ ಸರಿಯಾಗಿ ಕಲಿಸುವವಳ ಎದುರಿಗೇ.

ಗಾಬರಿಯಲ್ಲಿ ಅವನು ಹೊಟ್ಟೆ ಒಳಗೆಳೆದುಕೊಂಡು ನಿಂತಲ್ಲೇ ಗಂಟು ಹಾಕತೊಡಗಿದ. ಸಾಲಿನಲ್ಲಿದ್ದ ಮಕ್ಕಳೆಲ್ಲ ಒಟ್ಟಿಗೆ ಉಸಿರೆಳೆದುಕೊಂಡರು.

"ಮಾವ, ತಿರುಗು! ಸಬೂಮ್‌ನಿಮ್ ಮುಂದೆ ಹಾಗೆಲ್ಲ ಮಾಡಬಾರದು!" ಎಂದು ಅಕ್ಕನ ಮಗಳು ಪಿಸುಗುಟ್ಟಿದಳು. ಆ ಪಿಸುಮಾತು ಬೀದಿಯವರೆಗೂ ಕೇಳಿಸಿತು. ಮನೆಯಲ್ಲಿ ಅವಳನ್ನು ಸುಮ್ಮನೆ ಮೆಣಸು ಅಂತ ಕರೆಯುತ್ತಿರಲಿಲ್ಲ.

ಸಬೂಮ್‌ನಿಮ್ ಅಂದರೆ ಗುರುಗಳು. ಈ ಗುರು ಅವನ ಭುಜದೆತ್ತರ ಇದ್ದಳು, ಕಪ್ಪು ಬೆಲ್ಟು ಕಟ್ಟಿದ್ದಳು, ನಗು ತಡೆಯಲು ಎಡಗೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡಿದ್ದಳು.

"ತಪ್ಪೇನಿಲ್ಲ, ಹೊಸಬರು," ಎಂದಳು. "ನಾವು ಯಾರನ್ನ ಗೌರವಿಸ್ತೀವೋ ಅವರ ಮುಂದೆ ಬಟ್ಟೆ ಸರಿ ಮಾಡ್ಕೊಳ್ಳಲ್ಲ, ಮುಖ ಒರೆಸ್ಕೊಳ್ಳಲ್ಲ. ಬೆನ್ನು ತಿರುಗಿಸಿ ಸರಿ ಮಾಡ್ಕೊಂಡು, ಆಮೇಲೆ ಮುಖ ತೋರಿಸ್ತೀವಿ. ಚಿಕ್ಕವರ ಮುಂದೆ ತಿರುಗಬೇಕಾಗಿಲ್ಲ, ದೊಡ್ಡವರ ಮುಂದೆ ಮಾತ್ರ."

ಅವನು ತಿರುಗಿದ. ಗೋಡೆಯ ಕಡೆ ಮುಖ ಮಾಡಿ ಬೆಲ್ಟು ಕಟ್ಟುವಾಗ, ತನ್ನ ಕಿವಿ ಕೆಂಪಾಗಿರುವುದು ಹಿಂದಿನಿಂದ ಇನ್ನೂ ಚೆನ್ನಾಗಿ ಕಾಣುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ.

ನಿಜ ಹೇಳಬೇಕೆಂದರೆ ಅವನು ಟೇಕ್ವಾಂಡೋ ಕಲಿಯಲು ಬಂದವನೇ ಅಲ್ಲ. ಮೆಣಸನ್ನು ಬಿಡಲು ಬಂದು, ಬಾಗಿಲಲ್ಲಿ ನಿಂತು, ಗುರುಗಳ ಒಂದು ಒದೆತ ನೋಡಿ ಮನೆಗೆ ಹೋಗುವುದನ್ನೇ ಮರೆತವನು. "ಸೊಂಟಕ್ಕೆ ಒಳ್ಳೇದಂತೆ" ಎಂದು ಅಕ್ಕನಿಗೆ ಹೇಳಿ ಸೇರಿಕೊಂಡ. ದೊಡ್ಡವರಿಗೆ ಬೇರೆ ಕ್ಲಾಸ್ ಇರಲಿಲ್ಲ. ಸಾಲು ನಿಲ್ಲುವುದೂ ವಯಸ್ಸಿನ ಲೆಕ್ಕದಲ್ಲಲ್ಲ, ಬೆಲ್ಟಿನ ಬಣ್ಣದ ಲೆಕ್ಕದಲ್ಲಿ. ಹಾಗಾಗಿ ಹಲ್ಲು ಬಿದ್ದ ಮೆಣಸು ಹಳದಿ ಬೆಲ್ಟಿನಲ್ಲಿ ಮುಂದೆ, ಮೀಸೆ ಬಂದ ಮಾವ ಬಿಳಿ ಬೆಲ್ಟಿನಲ್ಲಿ ಎಲ್ಲರಿಗಿಂತ ಹಿಂದೆ.

"ಚಾರ್ಯೊತ್!" ಎಂದರೆ ನೆಟ್ಟಗೆ ನಿಲ್ಲಬೇಕು. "ಷಿಜಾಕ್!" ಎಂದರೆ ಶುರು. ಕ್ಲಾಸಿನ ಕೊನೆಯಲ್ಲಿ ಐದು ಗುಣಗಳನ್ನು ಕೂಗಬೇಕು. ಎರಡನೆಯದು ಬಂದಾಗ ಅವಳು ಪ್ರತಿ ಸಲ ನಿಲ್ಲಿಸಿ ಕೇಳುತ್ತಿದ್ದಳು.

"ಯೋಮ್‌ಚಿ ಅಂದ್ರೆ?"

"ನಾಚಿಕೆ ಗೊತ್ತಿರೋದು!"

"ಯಾವಾಗ?"

"ತಪ್ಪು ಮಾಡ್ದಾಗ!"

ಅವನೂ ಜೋರಾಗಿಯೇ ಕೂಗುತ್ತಿದ್ದ.

ಬೆಲ್ಟ್ ಪರೀಕ್ಷೆ ಹತ್ತಿರ ಬಂದಾಗ, ಮಕ್ಕಳು ಒದ್ದು ಮುರಿಯಲು ತೆಳು ಹಲಗೆ ಬೇಕಾಯಿತು. "ನಿಮ್ಮ ಕೈಯಲ್ಲೇ ಮಾಡಿಸೋಣ ಅಂತ," ಎಂದಳು. ನಿಮ್ಮ ಕೈಯಲ್ಲೇ ಎಂಬ ಆ ಮಾತನ್ನು ಅವನು ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ಚಪ್ಪರಿಸಿದ.

ಅಭ್ಯಾಸಕ್ಕೆಂದು ಅವನೇ ಮೊದಲ ಹಲಗೆಗೆ ಒದ್ದ. ಹಲಗೆ ಅಲ್ಲಾಡಲಿಲ್ಲ. ಅವನ ಪಾದ ಮಾತ್ರ ಬನ್ನಿನಂತೆ ಊದಿತು.

"ಇಷ್ಟು ದಿನ ಮರಕ್ಕೆ ನೀವು ಕೊಟ್ಟಿದ್ದನ್ನ ಅದು ಇವತ್ತು ವಾಪಸ್ ಕೊಟ್ಟಿದೆ," ಎನ್ನುತ್ತ ಅವಳು ಐಸ್ ಒತ್ತಿದಳು. ಅವಳ ಹಣೆಯ ಮೇಲೆ ಒಂದು ಎಳೆ ಕೂದಲು ಜಾರಿತ್ತು. ಅವಳು ತಲೆಯೆತ್ತಿ ನೋಡಿದಾಗ ಅವನು ಥಟ್ಟನೆ ಕಿಟಕಿ ನೋಡಿದ. "ಹೆದರ್ಕೋಬೇಡಿ. ಮುರೀದಿದ್ರೂ ಪರವಾಗಿಲ್ಲ, ಪರೀಕ್ಷೆಗೆ ಇನ್ನೊಂದ್ಸಲ ಬರಬಹುದು."

ಅವಳು ಧೈರ್ಯ ಹೇಳಿದಳು, ಅವನಿಗೆ ಕನಿಕರ ಕೇಳಿಸಿತು. ಬಡಗಿಯಾಗಿ ಹುಟ್ಟಿ ಒಂದು ಹಲಗೆ ಮುರಿಯಲಾಗದೆ ಇವಳ ಮುಂದೆ ಕುಂಟುವುದೇ?

ಪರೀಕ್ಷೆಯ ಹಲಗೆಗಳನ್ನು ಕೊಯ್ಯುವಾಗ ಅವನು ಒಂದನ್ನು ಬೇರೆ ಇಟ್ಟ. ಅದರ ಹಿಂಬದಿಗೆ, ಮರದ ನಾರು ಹೋದ ದಿಕ್ಕಿನಲ್ಲೇ, ಅತಿ ಸಣ್ಣ ಗರಗಸದಿಂದ ಗೀರು ಹಾಕಿದ. ಗೀರಿಗೆ ಮರದ ಪುಡಿಯನ್ನೂ ಮೇಣವನ್ನೂ ಕಲಸಿ ತುಂಬಿ ಉಜ್ಜಿದ. ಕೆಲಸ ಎಷ್ಟು ನಾಜೂಕಾಗಿತ್ತೆಂದರೆ ಅವನಿಗೇ ಹೆಮ್ಮೆ ಅನಿಸಿತು. ಸಾಲಿನಲ್ಲಿ ತಾನು ಯಾವಾಗಲೂ ಕೊನೆ ತಾನೇ, ಅದಕ್ಕೇ ಆ ಹಲಗೆಯನ್ನು ಅಟ್ಟಿಯ ತಳಕ್ಕೆ ಸೇರಿಸಿದ.

ಪರೀಕ್ಷೆಯ ದಿನ ಬೆಂಚುಗಳ ತುಂಬ ಅಪ್ಪ ಅಮ್ಮಂದಿರು. ಅವಳು ಹಲಗೆಗಳ ಪಕ್ಕ ಮಂಡಿಯೂರಿ ಕೂಗಿದಳು: "ಹಲಗೆ ಮುರಿಯೋದು ಚಿಕ್ಕ ಬೆಲ್ಟಿಂದ ಶುರು. ಬಿಳಿ ಬೆಲ್ಟ್, ಬನ್ನಿ!"

ಸಾಲು ನಿಲ್ಲಲು ದೊಡ್ಡ ಬೆಲ್ಟು ಮೊದಲು, ಪರೀಕ್ಷೆಗೆ ಚಿಕ್ಕ ಬೆಲ್ಟು ಮೊದಲು. ಇದನ್ನು ಮೆಣಸು ಊಟದ ಹೊತ್ತಿನಲ್ಲಿ ಹೇಳಿದ್ದಳು. ಅವನು ಆಗ ಇನ್ನೇನೋ ಯೋಚಿಸುತ್ತಿದ್ದ. ಇನ್ನೇನೋ ಅಂದರೆ ಏನೆಂದು ಹೇಳಬೇಕಾಗಿಲ್ಲ.

ಮೇಲಿನ ಹಲಗೆ ಅವನ ಪಾಲಿಗೆ ಬಂತು. ಒದ್ದ. ಧಡ್ ಎಂದಿತಷ್ಟೇ. ಮತ್ತೆ ಒದ್ದ. ಮಕ್ಕಳು ಪಾಪ ಚಪ್ಪಾಳೆ ತಟ್ಟಿದರು. ಆದರೆ ಅವನ ಕಣ್ಣು ಅಟ್ಟಿಯ ಮೇಲಿತ್ತು. ಅದು ಕರಗುತ್ತ ಬಂತು, ಮೆಣಸು ತನ್ನ ಹಲಗೆ ಮುರಿದು ಕುಣಿದಳು, ಕೊನೆಗೆ ತಳದ್ದೊಂದು ಉಳಿಯಿತು.

"ಕೊನೇದು ನಂದು," ಎಂದು ಸಬೂಮ್‌ನಿಮ್ ನಕ್ಕು, ಹಿರಿಯ ಹುಡುಗಿಯೊಬ್ಬಳ ಕೈಗೆ ಕೊಟ್ಟು ಹಿಡಿಸಿದಳು. ಆಗಲಾದರೂ ಬೇಡ ಎನ್ನಬಹುದಿತ್ತು.

ಅವಳ ಕೈ ತಾಗಿತೋ ಇಲ್ಲವೋ, ಹಲಗೆ ಬಿಸ್ಕತ್ತಿನಂತೆ ಎರಡಾಯಿತು. ಒಂದು ತುಂಡು ಮುಂದಿನ ಬೆಂಚಿನಲ್ಲಿದ್ದ ಕನ್ನಡಕ ಹಾಕಿದ್ದ ಅಪ್ಪ ಒಬ್ಬರ ಕಾಲಬಳಿ ಬಿತ್ತು. ಅವರು ಎತ್ತಿಕೊಂಡು ಅಂಚು ಸವರಿದರು.

"ಇದೇನ್ ಮಿಸ್, ಮೊದಲೇ ಕುಯ್ದಿಟ್ಟಿದ್ದೀರಾ? ಬ್ಲ್ಯಾಕ್ ಬೆಲ್ಟ್ ಅಂದ್ರೆ ಇಷ್ಟೇನಾ?"

ಅವಳು ತುಂಡನ್ನು ತೆಗೆದುಕೊಂಡು ನೋಡಿದಳು. ನೇರವಾದ, ಕೂದಲೆಳೆಯಂಥ ಗೀರು. ಇಂಥ ಗೀರು ಎಳೆಯುವ ಕೈ ಆ ಕೋಣೆಯಲ್ಲಿ ಒಂದೇ ಇತ್ತು. ಅವಳು ತಲೆಯೆತ್ತಿ ಅವನನ್ನು ನೋಡಿದಳು. ಎಡಗೆನ್ನೆ ಒಳಗೆ ಸರಿಯಿತು, ಈ ಸಲ ನಗು ತಡೆಯಲು ಅಲ್ಲ.

"ಹಲಗೆ ನೋಡ್ಕೊಳ್ಳೋದು ನನ್ನ ಜವಾಬ್ದಾರಿ. ನಾನು ನೋಡಲಿಲ್ಲ. ಕ್ಷಮಿಸಿ," ಎಂದು ಎಲ್ಲರಿಗೂ ಸೊಂಟ ಬಗ್ಗಿಸಿ ವಂದಿಸಿದಳು.

ಅವನು ಸಾಲಿನ ಕೊನೆಯಲ್ಲಿ ತನ್ನ ಊದಿದ ಪಾದ ನೋಡುತ್ತ ನಿಂತಿದ್ದ. ಭೂಮಿ ಬಾಯಿ ಬಿಡಲಿಲ್ಲ, ಅವನೂ ಬಿಡಲಿಲ್ಲ.

ಮನೆಗೆ ಹೋಗುವಾಗ ಮೆಣಸು ಹೊಸ ಬೆಲ್ಟನ್ನು ಎದೆಗವಚಿಕೊಂಡಿದ್ದಳು.

"ಮಾವ, ಸಬೂಮ್‌ನಿಮ್ ಮೋಸ ಮಾಡಿದ್ರಾ?"

"ಇಲ್ಲ."

"ನಂಗೂ ಹಾಗೇ ಅನ್ಸುತ್ತೆ. ಆದ್ರೆ ಎಲ್ಲರೂ ಹೌದು ಅಂತಿದ್ದಾರೆ."

ಆ ರಾತ್ರಿ ಅವನು ಲೆಕ್ಕ ಹಾಕುತ್ತ ಮಲಗಿದ. ಹಲಗೆ ಮುರಿಯದೆ ಹೋಗಿದ್ದರೆ ಅವಳ ಕಣ್ಣಿಗೆ ದುರ್ಬಲನಾಗಿ ಕಾಣುತ್ತಿದ್ದ, ಅಷ್ಟೇ. ಈಗ ಅವಳ ಮಾನವನ್ನೇ ಕೊಯ್ದು, ಆ ಕೊಯ್ತದ ಹಿಂದೆ ಅಡಗಿ ಕೂತಿದ್ದ. ನಾಳೆ ಬಾಯಿ ಬಿಟ್ಟರೆ ಅವಳು ಶಾಶ್ವತವಾಗಿ ಕೈತಪ್ಪುತ್ತಾಳೆ. ಬಿಡದಿದ್ದರೆ ಅವಳನ್ನು ಬಯಸುವ ಯೋಗ್ಯತೆಯೇ ಉಳಿಯುವುದಿಲ್ಲ.

ಮರುದಿನ ಕ್ಲಾಸಿನಲ್ಲಿ ಸಾಲು ಮೊಟಕಾಗಿತ್ತು. ಕನ್ನಡಕದ ಅಪ್ಪ ಮಗನ ಹೆಸರು ತೆಗೆಸಲೆಂದೇ ಬಂದು ಬೆಂಚಿನಲ್ಲಿ ಕೂತಿದ್ದರು. ತಡವಾಗಿ ಬಂದವರು ಗುರುಗಳು ಕರೆಯುವ ತನಕ ಮ್ಯಾಟಿನ ಅಂಚಿನಲ್ಲಿ ಮಂಡಿಯೂರಿ ಕಾಯಬೇಕು. ಅವನು ಬೇಕೆಂದೇ ತಡವಾಗಿ ಬಂದು ಅಲ್ಲಿ ಕೂತ. ಅವಳು ನೋಡಿದಳು, ಆದರೆ ಕರೆಯಲಿಲ್ಲ. ಒದೆತಗಳು ಮುಗಿದವು, ಜಿಗಿತಗಳು ಮುಗಿದವು. ಅವನ ಮಂಡಿ ಮರಗಟ್ಟಿತು.

ಕೊನೆಗೆ, "ಹೇಳಿ," ಎಂದಳು. ದನಿಯಲ್ಲಿ ಏನೂ ಇರಲಿಲ್ಲ.

"ಆ ಹಲಗೆ ಕುಯ್ದಿದ್ದು ನಾನು." ಎಲ್ಲರಿಗೂ ಕೇಳುವಂತೆ ಹೇಳಿದ. "ನನಗೆ ಅಂತ ಕುಯ್ಕೊಂಡಿದ್ದೆ. ಇವರಿಗೆ ಗೊತ್ತೇ ಇರ್ಲಿಲ್ಲ. ನಿನ್ನೆ ಇವರು ಕ್ಷಮೆ ಕೇಳುವಾಗಲೂ ನಾನು ಸುಮ್ನೆ ನಿಂತಿದ್ದೆ."

"ಅಲ್ರೀ, ಯಾಕೆ?" ಎಂದರು ಕನ್ನಡಕದ ಅಪ್ಪ.

ಸುಳ್ಳೊಂದು ನಾಲಿಗೆ ತುದಿಗೆ ಬಂತು, ಸೊಂಟನೋವಿನಂಥದ್ದು. ಅವನು ಅದನ್ನು ನುಂಗಿದ.

"ಇವರ ಕಣ್ಣಿಗೆ ಚೆನ್ನಾಗಿ ಕಾಣ್ಬೇಕು ಅಂತ. ಇವರಂದ್ರೆ ನನಗೆ ಇಷ್ಟ. ಅದಕ್ಕೇ ಇಲ್ಲಿ ಸೇರಿದ್ದು."

ಮಕ್ಕಳು ಕಿಸಕ್ಕೆಂದರು. ಬೆಂಚಿನಲ್ಲಿ ಯಾರೋ ಕೆಮ್ಮಿದರು. ಅವನು ಬಿಳಿ ಬೆಲ್ಟು ಬಿಚ್ಚಿ, ಎರಡೂ ಕೈಯಲ್ಲಿ ಅವಳ ಕಡೆ ಚಾಚಿದ.

ಅವಳು ತೆಗೆದುಕೊಳ್ಳಲಿಲ್ಲ.

"ಯೋಮ್‌ಚಿ ಅಂದ್ರೆ?" ಎಂದು ಮಕ್ಕಳನ್ನು ಕೇಳಿದಳು.

"ನಾಚಿಕೆ ಗೊತ್ತಿರೋದು!"

"ಕಟ್ಕೊಳ್ಳಿ," ಎಂದಳು ಅವನಿಗೆ. "ಇದನ್ನ ಇಷ್ಟು ಕಷ್ಟಪಟ್ಟು ಕಲಿತವರನ್ನ ನಾನು ಕಳಿಸಲ್ಲ. ಸಿಟ್ಟು ಮಾತ್ರ ಇದೆ. ತುಂಬಾ ಇದೆ."

ಅವನು ಎದ್ದು, ನಿಯಮದಂತೆ ಬೆನ್ನು ತಿರುಗಿಸಿ ಗಂಟು ಹಾಕಿದ. ಕಣ್ಣು ಮಂಜಾಗಿತ್ತು, ಅದನ್ನೂ ಅಲ್ಲೇ ತೋಳಿನಿಂದ ಒರೆಸಿಕೊಂಡು ಮುಖ ಈ ಕಡೆ ಮಾಡಿದ.

ಅವಳೂ ಅವನಿಗೆ ಬೆನ್ನು ತಿರುಗಿಸಿ ನಿಂತಿದ್ದಳು.

ಮುಗಿಯಿತು, ಅಂದುಕೊಂಡ. ಆದರೆ ಅವಳ ಒಂದು ಕೈ, ಬಿಗಿಯಾಗಿಯೇ ಇದ್ದ ಕಪ್ಪು ಬೆಲ್ಟನ್ನು ಸುಮ್ಮನೆ ಎಳೆದು ಎಳೆದು ಸರಿಮಾಡುತ್ತಿತ್ತು. ಇನ್ನೊಂದು ಕೈ ಕೆನ್ನೆ ಒರೆಸುತ್ತಿತ್ತು. ಕಿವಿಗಳೆರಡೂ ಕೆಂಪಗಾಗಿದ್ದವು.

ಮೆಣಸಿಗೆ ತಡೆಯಲಾಗಲಿಲ್ಲ. "ಸಬೂಮ್‌ನಿಮ್, ಚಿಕ್ಕೋರ ಮುಂದೆ ತಿರುಗಬೇಕಾಗಿಲ್ಲ ಅಲ್ವಾ? ಇಲ್ಲಿ ನಿಮಗಿಂತ ದೊಡ್ಡೋರು ಯಾರೂ ಇಲ್ವಲ್ಲ?"

ಅವಳು ತಿರುಗದೆಯೇ ಹೇಳಿದಳು.

"ಇವತ್ತು ಇದ್ದಾರೆ. ಸುಮ್ನಿರು."

ಅವನು ತಲೆ ತಗ್ಗಿಸಿಕೊಂಡೇ ಸಾಲಿನ ಕೊನೆಗೆ ಹೋಗಿ ನಿಂತ.