ಕಡೆಗಣ್ಣಿಗೆ ಬಿದ್ದದ್ದು

ಭಾನುವಾರ ಸಂಜೆ ಸರ್ಕಸ್ಸಿನ ಜೋಕರ್ ಬಣ್ಣ ಬಳಿದ ಮುಖದಲ್ಲೇ ಠಾಣೆಗೆ ಓಡಿ ಬಂದ.

"ನಮ್ಮ ಭಾವ ಅಕ್ಕನಿಗೆ ಚಾಕು ಎಸೆದಿದ್ದಾನೆ ಸರ್. ಬೇಕಂತಲೇ."

ಹಲಗೆಗೆ ಬೆನ್ನು ಕೊಟ್ಟು ನಿಂತ ಹೆಂಡತಿಯ ಸುತ್ತ ಚಾಕು ನೆಡುವುದು ಭಾವನ ಆಟ. ಅಂದು ಕೊನೆಯ ಚಾಕು ಅವಳ ಭುಜಕ್ಕೆ ನಾಟಿತ್ತು. ಎಫ್‌ಐಆರ್ ದಾಖಲಾಯಿತು. ಗಂಡನನ್ನು ಕರೆತಂದರು.

"ಹೆಂಡತಿ ಜೊತೆ ಜಗಳ ಇತ್ತಾ?" ಇನ್‌ಸ್ಪೆಕ್ಟರ್ ಕೇಳಿದರು.

"ಇತ್ತು. ಗಂಡ ಹೆಂಡತಿ ಜಗಳ ಉಂಡು ಮಲಗೋ ತನಕ ಸರ್."

"ಕೈ ಯಾಕೆ ತಪ್ತು?"

"ಎಡಗಡೆ ಏನೋ ಅಲ್ಲಾಡಿದ ಹಾಗಾಯ್ತು. ಏನಂತ ಗೊತ್ತಾಗ್ಲಿಲ್ಲ."

ಆಸ್ಪತ್ರೆಯಲ್ಲಿ ಹೆಂಡತಿ ಮಹಿಳಾ ಕಾನ್‌ಸ್ಟೆಬಲ್‌ಗೆ ಹೇಳಿದ್ದೂ ಅದನ್ನೇ: "ಚಾಕು ಬಿಡೋವಾಗ ಅವರ ಕಣ್ಣು ಪಕ್ಕಕ್ಕೆ ಹೋಯ್ತು ಮೇಡಂ. ಯಾವತ್ತೂ ಹಾಗಾಗಿಲ್ಲ."

ಮರುದಿನ ಬೆಳಿಗ್ಗೆ ಪಂಚರ ಸಮಕ್ಷಮ ಡೇರೆಯ ಪಂಚನಾಮೆ ಶುರುವಾಯಿತು. ಎಡಗಡೆಯ ಪರದೆಯ ಮರೆಯಲ್ಲಿ, ತೆಳ್ಳನೆಯ ದಾರಕ್ಕೆ ಕಟ್ಟಿದ ಕರಿಬಟ್ಟೆಯ ಚೂರೊಂದು ಸಿಕ್ಕಿತು. ಪ್ರೇಕ್ಷಕರಿಗೆ ಅದು ಕಾಣದು. ಚಾಕು ಎಸೆಯುವವನ ಕಣ್ಣಂಚಿಗೆ ಮಾತ್ರ ಬೀಳುತ್ತಿತ್ತು.

"ಇಷ್ಟು ಚಿಕ್ಕ ಬಟ್ಟೆಗೆ ಯಾರು ಬೆದರ್ತಾರೆ ಸರ್?" ಹೆಡ್ ಕಾನ್‌ಸ್ಟೆಬಲ್ ನಕ್ಕರು.

"ಚಾಕು ಎಸೆಯೋ ಜಾಗದಲ್ಲಿ ನಿಂತು ಆ ಹಲಗೆ ಮೇಲೆ ಬರೆದಿರೋ ಅಕ್ಷರ ಓದಿ."

ಅವರು ಓದುತ್ತಿದ್ದಂತೆ ಇನ್‌ಸ್ಪೆಕ್ಟರ್ ದಾರ ಎಳೆದರು. ಓದುವ ಕಣ್ಣು ಥಟ್ಟನೆ ಎಡಕ್ಕೆ ಹಾರಿತು. ಮತ್ತೆ ಎಳೆದರು, ಮತ್ತೆ ಹಾರಿತು.

"ನೋಡಬಾರದು ಅಂತ ಹಟ ಹಿಡಿದ್ರೂ ಹೋಗ್ತಿದೆ ಸರ್."

ಇನ್‌ಸ್ಪೆಕ್ಟರ್ ದಾರ ಹೋದ ದಿಕ್ಕಿಗೆ ತಿರುಗಿದರು. "ಕಣ್ಣಂಚಲ್ಲಿ ಬಣ್ಣ, ಆಕಾರ ಸರಿಯಾಗಿ ತಿಳಿಯಲ್ಲ ಕಣ್ರೀ. ಅಲ್ಲಾಡೋದು ಮಾತ್ರ ತಕ್ಷಣ ತಿಳಿಯತ್ತೆ. ನಾವು ಬೇಡ ಅನ್ನೋ ಮುಂಚೆನೇ ಕಣ್ಣು ಓಡಿರತ್ತೆ. ನಡೀರಿ, ದಾರ ಹಿಡಿದು ನಡೀರಿ."

ದಾರದ ಇನ್ನೊಂದು ತುದಿ ದೀಪದ ಅಟ್ಟಣಿಗೆ ಏರಿತ್ತು. ಎಲ್ಲರೂ ಒಬ್ಬರ ಹಿಂದೊಬ್ಬರು ಏಣಿ ಹತ್ತಿದರು. ಅಲ್ಲಿ ದೀಪ ನೋಡಿಕೊಳ್ಳುವವನು ಒಬ್ಬನೇ, ಚಾಕು ಎಸೆಯುವವನ ಸ್ವಂತ ಅಣ್ಣ.

"ಈ ದಾರ ಯಾಕೆ?"

"ದೀಪ ಬಿಗಿಯೋಕೆ."

"ದೀಪ ಬಲಗಡೆ ಇದೆ. ದಾರ ಎಡಗಡೆ ಹೋಗಿದೆ."

ಅವನು ದಾರ ಬಿಚ್ಚಲು ಕೈ ಚಾಚಿದ. ಇನ್‌ಸ್ಪೆಕ್ಟರ್ ತಡೆದರು.

"ನಿಮ್ಮ ತಮ್ಮ ಜೈಲಿಗೆ ಹೋಗ್ತಾನೆ. ಪರವಾಗಿಲ್ವಾ?"

ಅವನು ಕೆಳಗಿನ ಹಲಗೆಯ ಕಡೆ ನೋಡಿದ. "ಗುರಿ ತಪ್ಪಿ ಚಾಕು ದೂರ ಬೀಳತ್ತೆ, ಜನ ನಗ್ತಾರೆ ಅಂದ್ಕೊಂಡೆ ಅಷ್ಟೇ. ಅವಳಿಗೆ ತಗಲಲಿ ಅಂತಲ್ಲ."

ಅವನನ್ನು ಅಲ್ಲೇ ಬಂಧಿಸಿದರು. ಗಂಡನನ್ನು ಬಿಟ್ಟು ಕಳುಹಿಸಿದಾಗ ಜೋಕರ್ ಭಾವನ ಮುಖ ನೋಡಲಾರದೆ, ಅವನ ಚೀಲವನ್ನು ತಾನೇ ಹೊತ್ತು ಆಸ್ಪತ್ರೆಯ ದಾರಿ ಹಿಡಿದ.

ಒಂದು ಕಾಲಕ್ಕೆ ಅಣ್ಣನೇ ಚಾಕು ಎಸೆಯುತ್ತಿದ್ದ. ಕೈ ನಡುಗಲು ಶುರುವಾದಾಗ ತಾನೇ ತಮ್ಮನಿಗೆ ಆಟ ಕಲಿಸಿ ಅಟ್ಟಣಿಗೆ ಏರಿದ್ದ. ಹೇಳಿಕೆಯ ಕೊನೆಗೆ ಅವನು ಮೆಲ್ಲನೆ ಅಂದ:

"ಚಪ್ಪಾಳೆ ಅವನಿಗೆ ಹೋಗಲಿ ಸರ್, ಸಹಿಸ್ಕೊಂಡಿದ್ದೆ. ಆದ್ರೆ ಚಪ್ಪಾಳೆ ಬೀಳೋವಾಗ ಅವನ ಮೇಲೆ ಬೆಳಕು ಹಾಯಿಸೋ ಕೆಲಸವೂ ನಂದೇ ಆಗಿತ್ತು."