ಬಿಸಿಲಿಗೆ ಬಿಟ್ಟ ಮ್ಯಾಗ್ನೆಟ್

“ಶೂ ಇಲ್ಲದ ಒಳಗ ಬರಂಗಿಲ್ಲ” ಎಂದು ರಾಜಶ್ರೀ ಅವನನ್ನು ಸ್ಟೋರಿನ ಬಾಗಿಲಲ್ಲೇ ತಡೆದಳು.

ಅವನು ತನ್ನ ಚಪ್ಪಲಿ ನೋಡಿಕೊಂಡ. ಆಮೇಲೆ ಅವಳ ಕಾಲಿನ ದಪ್ಪ ಬೂಟು ನೋಡಿದ. “ಹಂಗಾದ್ರ ನೀವ ಹೊರಗ ಬರ್ರಿ. ನಿಮಗ ಶೂ ಅದಾವಲ್ಲ.”

ಜನವರಿಯ ಮುಂಜಾನೆ. ಮಸ್ಕಿಯ ಹೊರಗಿನ ಆ ಕೆಮಿಕಲ್ ಫ್ಯಾಕ್ಟರಿಯ ಅಂಗಳದಲ್ಲಿ ಕೈ ಸೆಟೆಯುವಷ್ಟು ಚಳಿ. ನಗಬಾರದೆಂದು ತುಟಿ ಕಚ್ಚಿಕೊಂಡೇ ರಾಜಶ್ರೀ ಹೊರಗೆ ಬಂದಳು. ಮನಸ್ಸು ಕೈಬಿಟ್ಟದ್ದು ಆಗಲೇ, ಅದು ಅವಳಿಗೆ ತಿಳಿಯಲು ಮಾತ್ರ ಇನ್ನೊಂದು ತಿಂಗಳು ಹಿಡಿಯಿತು.

ಅವನ ಹೆಸರು ಆನಂದಕುಮಾರ. ಗೊರೇಬಾಳದ ಕುರಿ ಕಾಯುವವರ ಮನೆಯ ಹುಡುಗ. ಸಿಂಧನೂರಿನ ಕುಷ್ಟಗಿ ರಸ್ತೆಯಲ್ಲಿ ಲೋಹ ಕಡೆಯುವ ಒಂದೇ ಒಂದು ಲೇತ್ ಮಷೀನಿನ ವರ್ಕ್‌ಶಾಪ್ ಇಟ್ಟುಕೊಂಡಿದ್ದ. ಅವಳು ಲಿಂಗಸುಗೂರಿನ ಬಟ್ಟೆ ವ್ಯಾಪಾರಿ ಅಮರಗುಂಡಪ್ಪನವರ ಮಗಳು. ಡಿಪ್ಲೊಮಾ ಓದಿ, ಫ್ಯಾಕ್ಟರಿಗೆ ಬರುವ ಮಾಲು ಖರೆಯೋ ಖೋಟಾವೋ ಎಂದು ನೋಡಿ ಸಹಿ ಹಾಕುವ ಕೆಲಸದಲ್ಲಿದ್ದಳು.

ಗೋಣಿಚೀಲ ಬಿಚ್ಚಿ ಅವನು ತೆಗೆದದ್ದು ಒಂದು ಬ್ಲೈಂಡ್ ಫ್ಲ್ಯಾಂಜ್. ಪೈಪಿನ ಕೊನೆಗೆ ಬೋಲ್ಟ್ ಹಾಕಿ ಬಿಗಿಯುವ ದಪ್ಪ ದುಂಡು ಮುಚ್ಚಳ. ಮೈ ಸುಡುವ ಕ್ಷಾರ, ಕುದಿಯುವ ಕಾಸ್ಟಿಕ್ ಹರಿಯುವ ಲೈನಿಗೆ ಬರೀ ಸ್ಟೀಲು ತಡೆಯುವುದಿಲ್ಲ, ನಿಕಲ್ಲಿಗೆ ತಾಮ್ರ ಬೆರೆಸಿದ ಮೋನೆಲ್ಲೇ ಬೇಕು. ಎರಡು ವರ್ಷದ ಹಿಂದೆ ಯಾರೋ ಮೋನೆಲ್ ಎಂದು ಹೇಳಿ ಸ್ಟೇನ್‌ಲೆಸ್ ಸ್ಟೀಲಿನ ಮುಚ್ಚಳ ಕೊಟ್ಟುಹೋಗಿದ್ದರು. ಅದು ಬಿರಿದ ದಿನ ಕೆಳಗೆ ನಿಂತಿದ್ದವನು ಫಿಟ್ಟರ್ ಮಾನಪ್ಪ. ಅವನ ಬಲಗೈ ಚರ್ಮ ಇವತ್ತಿಗೂ ಸುಟ್ಟ ಹಪ್ಪಳದ ಹಾಗಿದೆ.

“ನೋಡಾಕ ಎರಡೂ ಒಂದ ಥರ ಇರ್ತಾವ. ಇದು ಮೋನೆಲ್ ಅಂತ ನಾ ಹ್ಯಾಂಗ ನಂಬಲಿ?” ರಾಜಶ್ರೀ ಕೇಳಿದಳು.

ಅವನು ಜೇಬಿನಿಂದ ಕೆಂಪು ದಾರ ಕಟ್ಟಿದ ಪುಟ್ಟ ಮ್ಯಾಗ್ನೆಟ್ ತೆಗೆದು ಮುಚ್ಚಳಕ್ಕೆ ತಾಗಿಸಿದ. ಅದು ಕಬ್ಬಿಣಕ್ಕೆ ಅಂಟುವ ಹಾಗೆ ಗಕ್ಕನೆ ಅಂಟಲಿಲ್ಲ. ನಾಚಿಕೊಂಡು ಕೈ ಹಿಡಿದವರ ಹಾಗೆ ಮೆಲ್ಲಗೆ ಹಿಡಿದುಕೊಂಡಿತು.

“ಸ್ಟೇನ್‌ಲೆಸ್ ಆಗಿದ್ರ ಹಿಡೀತಿರಲಿಲ್ಲ. ನಮ್ಮ ಉಸ್ತಾದ್ ಕಲಿಸಿದ್ದು. ಹಿಡೀತು ಅಂದ್ರ ಖರೇ ಮಾಲು, ಬಿಡ್ತು ಅಂದ್ರ ಕಳ್ಳ ಮಾಲು. ಇಟ್ಕೊಳ್ರಿ, ಇದು ನಿಮಗ.”

“ನೀವ ಕೊಟ್ಟ ಮ್ಯಾಗ್ನೆಟ್ಟಿಂದ ನಿಮ್ಮನ್ನ ಹಿಡೀಬೇಕೇನು?”

“ಹಿಡೀರಿ. ಬ್ಯಾಡ ಅಂದವ್ರ್ಯಾರು?”

ಆ ಚಳಿಯಲ್ಲೂ ಅವಳ ಕಿವಿ ಬಿಸಿಯಾದವು.

ಆಮೇಲೆ ಏನು, ಒಂದು ಮುಚ್ಚಳ ಕೊಡಲು ಅವನಿಗೆ ಮೂರು ಸಲ ಬರಬೇಕಾಗುತ್ತಿತ್ತು. ಒಮ್ಮೆ ಅಳತೆ ಕೇಳಲು, ಒಮ್ಮೆ ಕೇಳಿದ ಅಳತೆ ಮರೆತು, ಒಮ್ಮೆ ನಸುಕಿನ ತಂಪಿನಲ್ಲೇ ತಂದು ಕೊಡಲು. “ಏನ್ ಮರವಿನ ಮನಶ್ಯಾ ಇವ!” ಎಂದು ಮಾನಪ್ಪ ಮೀಸೆಯಲ್ಲೇ ನಗುತ್ತಿದ್ದ. ಮಸ್ಕಿ ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ಮಂಡಕ್ಕಿ ತಿನ್ನುವಾಗ ‘ನೀವು’ ಹೋಗಿ ‘ನೀ’ ಬಂತು. ಮಾರ್ಚ್ ಹೊತ್ತಿಗೆ ಅವನು ಕಡೆದ ಪ್ರತಿ ಮುಚ್ಚಳದ ಅಂಚಿನಲ್ಲಿ ಅಕ್ಕಪಕ್ಕ ಎರಡು ಸಣ್ಣ ಚುಕ್ಕಿ ಕಾಣತೊಡಗಿದವು, ಪಂಚಿನಿಂದ ಹೊಡೆದದ್ದು.

“ಇದೇನ ಇದು?”

“ಒಂದು ನೀ, ಒಂದು ನಾ. ಪೈಪ್ ಇರೂತನಕ ಇರ್ತೀವಿ.”

ಏಪ್ರಿಲ್‌ನಲ್ಲಿ ಅವಳು ಅಪ್ಪನ ಮುಂದೆ ಬಾಯಿ ಬಿಟ್ಟಳು. ಅಮರಗುಂಡಪ್ಪನವರು ಅಳೆಯುತ್ತಿದ್ದ ಬಟ್ಟೆ ಮಡಚಿಟ್ಟರು. ಆಮೇಲೆ, “ನಮ್ಮ ಪೈಕಿ ಅಲ್ಲ, ಅದು ಗೊತ್ತಾತು. ಮನಶ್ಯಾ ಎಂಥಾವ?” ಎಂದರು.

“ನಿಯತ್ತಿನವ, ಅಪ್ಪಾ.”

“ಹಂಗಾದ್ರ ಮುಂದಿನ ತಿಂಗಳು ಮನಿಗೆ ಬರಾಕ ಹೇಳು. ನೋಡೂಣು.”

ಮೇ ತಿಂಗಳು. ಲೈನ್ ಬಂದ್ ಮಾಡಿ ರಿಪೇರಿ ನಡೆದಿತ್ತು. ಮರುದಿನವೇ ಕಾಸ್ಟಿಕ್ ಬಿಡಬೇಕು. ಆನಂದಕುಮಾರ ದೊಡ್ಡದೊಂದು ಮುಚ್ಚಳವನ್ನು ಟಂಟಂ ಗಾಡಿಯ ತೆರೆದ ಹಿಂಬದಿಗೆ ಹಾಕಿಕೊಂಡು ಸಿಂಧನೂರಿನಿಂದ ಉರಿಬಿಸಿಲಲ್ಲಿ ಬಂದ. ಅವಳ ಮನೆಗೆ ಬರಬೇಕಾಗಿದ್ದ ಭಾನುವಾರಕ್ಕೆ ಇನ್ನು ಮೂರೇ ದಿನ. ಇಳಿಸುವಾಗಲೇ ಅವಳ ಕಡೆ ನೋಡಿ ಕಣ್ಣಲ್ಲೇ ಮೂರು ಎಣಿಸಿದ.

ಮ್ಯಾನೇಜರ್ ನಿಂತಿದ್ದರು. ಮಾನಪ್ಪನೂ ನಿಂತಿದ್ದ. ರಾಜಶ್ರೀ ಮ್ಯಾಗ್ನೆಟ್ ತಾಗಿಸಿದಳು.

ಅದು ಜಾರಿ ಕೆಳಗೆ ಬಿತ್ತು.

ಎತ್ತಿ ಮತ್ತೆ ತಾಗಿಸಿದಳು. ಮತ್ತೆ ಬಿತ್ತು. ಲೋಹ ಮುಟ್ಟಲಾಗದಷ್ಟು ಕಾದಿತ್ತು.

“ಇದ್ಯಾಕ ಹಿಡೀವಲ್ದು?” ಅವಳ ದನಿ ಸಣ್ಣದಾಗಿತ್ತು.

ಆನಂದಕುಮಾರನ ಮುಖ ಬಿಳಿಚಿಕೊಂಡಿತು. “ನನಗೂ ತಿಳೀವಲ್ದು, ರಾಜೀ. ಆದ್ರ ಇದು ಮೋನೆಲ್ ಐತಿ. ನನ್ನ ಕೈಯಾರೆ ಕಡದೀನಿ. ಲೇತ್‌ನ್ಯಾಗ ಬರೂ ಚೂರು ನೋಡಿದ್ರ ನನಗ ಗೊತ್ತಾಗತೈತಿ. ಕಂಪನಿ ಕಾಗದಾನೂ ಐತಿ, ನೋಡು.”

“ಹೋದ ಸಲದವನೂ ಕಾಗದ ತಂದಿದ್ದ” ಎಂದರು ಮ್ಯಾನೇಜರ್.

“ನನ್ನ ನಂಬು” ಎಂದ ಅವನು. ಅವಳಿಗೆ ಮಾತ್ರ ಹೇಳಿದ.

ರಾಜಶ್ರೀಗೆ ಅವನ ಕಣ್ಣು ಕಂಡವು. ಅವುಗಳ ಹಿಂದೆ ಮಾನಪ್ಪನ ಬೆಂದ ಕೈ ಕಂಡಿತು. ಪ್ರೀತಿಯ ಮುಲಾಜಿಗೆ ಸಹಿ ಹಾಕಿ, ನಾಳೆ ಇನ್ನೊಬ್ಬರ ಮೈ ಬೆಂದರೆ? ಅವಳು ರಿಜೆಕ್ಟ್ ಎಂದು ಬರೆದಳು.

ತಳ್ಳಿದ ಮಾಲಿಗೆ ಪರೀಕ್ಷೆ ಮಾಡಿದವರೇ ತಮ್ಮ ಕೈಯಿಂದ ಕೆಂಪು ಬಣ್ಣದ ಗೀಟು ಎಳೆಯಬೇಕು. ಬೇರೆ ಕಡೆ ಮಾರಬಾರದೆಂದು ಅದನ್ನು ವಾಪಸು ಕೊಡುವಂತೆಯೂ ಇಲ್ಲ. ಅದು ಅಲ್ಲಿಯ ಕಾಯಿದೆ. ಎರಡು ಚುಕ್ಕಿಗಳ ಮೇಲೆಯೇ ಕುಂಚ ಹಾಯುವುದನ್ನು ಅವನು ನಿಂತು ನೋಡಿದ.

“ನಾ ಕೊಟ್ಟ ಮ್ಯಾಗ್ನೆಟ್ ನಂಬಿದಿ. ನನ್ನ ನಂಬಲಿಲ್ಲ. ಆತು ಬಿಡು” ಎಂದು ಹೇಳಿ ಹೋದ.

ಸಂಜೆ ಅಪ್ಪ, “ಭಾನುವಾರಕ್ಕ ಏನು ಅಡಿಗಿ ಮಾಡಿಸೂಣವ್ವ?” ಎಂದರು.

“ಅವ ಬರೂದು ಬ್ಯಾಡಪ್ಪಾ. ನಿಯತ್ತು ಸರಿ ಇಲ್ಲ.” ಹೊಗಳಿದ ಬಾಯಿಂದಲೇ ಆ ಮಾತೂ ಬಂತು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಡಿಸೆಂಬರ್‌ನಲ್ಲಿ ಗುಜರಿಯ ನಿಶಾತ್ ಭಾಯಿ ಲಿಂಗಸುಗೂರಿನಿಂದ ಗಾಡಿ ತಂದ. ತಳ್ಳಿದ ಮಾಲು ಕೂಡಿಡುವ ಜಾಲರಿ ಪಂಜರ ಖಾಲಿ ಮಾಡುವುದಿತ್ತು. ಹೊತ್ತು ಆಗಷ್ಟೇ ಮೂಡಿತ್ತು, ಕಬ್ಬಿಣವೆಲ್ಲ ಮಂಜಿನ ಹಾಗೆ ತಣ್ಣಗಿತ್ತು. ಅವನು ತನ್ನ ಮ್ಯಾಗ್ನೆಟ್ ಹಚ್ಚಿ ಒಂದೊಂದೇ ಬೇರ್ಪಡಿಸುತ್ತ ಕೆಂಪು ಗೀಟಿನ ಮುಚ್ಚಳದ ಬಳಿ ನಿಂತ.

“ಇದನ್ಯಾಕ ಗುಜರಿಗೆ ಹಾಕಾಕತ್ತೀರಿ ಮೇಡಂ? ಮೋನೆಲ್ ಐತಲ್ಲ.”

ರಾಜಶ್ರೀ ತಿರುಗಿ ನೋಡಿದಳು. ಮ್ಯಾಗ್ನೆಟ್ ಅದರ ಮೈಮೇಲೆ ನಿಂತಿತ್ತು.

“ಮೇ ತಿಂಗಳಾಗ ಅದು ಹಿಡೀಲಿಲ್ಲ, ಭಾಯಿ.”

“ಹ್ಯಾಂಗ ಹಿಡೀತೈತ್ರೀ! ಇದರ ಜಾತೀನ ಹಂಗ. ಚಳಿಗೆ ಹಿಡೀತೈತಿ, ಬಿಸಿಲಿಗೆ ಬಿಡತೈತಿ. ಮೂವತ್ತು ವರ್ಷ ಗುಜರಿ ಮಾಡೀನಿ, ನನಗ ಗೊತ್ತಿಲ್ಲೇನು?”

ಅವಳು ತನ್ನ ಕೆಂಪು ದಾರದ ಮ್ಯಾಗ್ನೆಟ್ ಹಚ್ಚಿ ನೋಡಿದಳು, ಅದೂ ಹಿಡಿಯಿತು. ಆ ತಣ್ಣನೆಯ ಮುಚ್ಚಳವನ್ನೇ ಹಿಡಿದು ಕುಳಿತಳು. ಕಲಿಸಿದವನಿಗೂ ಪಾಠ ಅರ್ಧವೇ ಗೊತ್ತಿತ್ತು. ಅವರಿಬ್ಬರೂ ಅದನ್ನು ಜನವರಿಯಲ್ಲಿ ಮಾತ್ರ ಕಲಿತಿದ್ದರು.

ಮಧ್ಯಾಹ್ನ ರಜೆ ಹಾಕಿ ಸಿಂಧನೂರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಂದೇ ಮಾತು: ಕ್ಷಮಿಸು ಅಂದರೆ ಕ್ಷಮಿಸಿಯಾನೇ? ಮತ್ತೆ ನೀ ಅನ್ನುವನೇ?

ವರ್ಕ್‌ಶಾಪ್ ಅಲ್ಲೇ ಇತ್ತು. ಆದರೆ ಲೇತಿನ ಸುತ್ತ ಫ್ಲ್ಯಾಂಜ್ ಒಂದೂ ಇರಲಿಲ್ಲ, ಭತ್ತ ಕೊಯ್ಯುವ ಮಷೀನಿನ ಪಿನ್ನುಗಳು ಬಿದ್ದಿದ್ದವು. ಕಳ್ಳ ಮಾಲಿನವ ಎಂಬ ಹೆಸರು ಅವಳ ಸಹಿಗಿಂತ ಬೇಗ ಊರೂರು ತಿರುಗಿತ್ತು. ಅವಳನ್ನು ಕಂಡು ಅವನು ಮಷೀನು ನಿಲ್ಲಿಸಿದ, ಕೈ ಒರೆಸಿಕೊಂಡ.

“ಬರ್ರಿ ಮೇಡಂ. ಕುಂದರ್ರಿ.”

ಆ ‘ರಿ’ ಅವಳ ಎದೆಗೆ ನಾಟಿತು. ನಿಂತೇ ಎಲ್ಲ ಹೇಳಿದಳು. ನಿಶಾತ್ ಭಾಯಿ, ಚಳಿ, ಮ್ಯಾಗ್ನೆಟ್.

“ಗೊತ್ತೈತ್ರಿ” ಎಂದ. “ಶ್ರಾವಣದಾಗ ನಾನೂ ನೋಡಿದೆ. ಉಳಿದ ತುಂಡನ್ನ ಸೋಡಾ ಅಂಗಡಿ ಐಸ್‌ನ್ಯಾಗ ಇಟ್ಟಿದ್ದೆ. ಹಿಡೀತು.”

“ಗೊತ್ತಿದ್ದೂ ಯಾಕ ಬಂದು ಹೇಳಲಿಲ್ಲ, ಆನಂದ?”

“ಹೇಳಿದ್ನಲ್ಲ, ಅವತ್ತ.” ಅವನು ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. “ನೀವು ತಪ್ಪು ಮಾಡಿಲ್ರಿ. ಮಾನಪ್ಪ ಕಾಕಾನ ಕೈ ನಾನೂ ನೋಡೀನಿ. ಆದ್ರ ಪುರಾವೆ ತೋರಿಸಿ ಹೆಂಗ್ಸಿನ ಮನಸ್ಸು ಕೇಳಾಕ ನನಗ ಬರಲಿಲ್ಲ.”

ಹಿಂದಿನ ಬಾಗಿಲಿನಿಂದ ಒಬ್ಬ ಹುಡುಗಿ ಮಜ್ಜಿಗೆ ತಂದಳು. ಕೈ ತುಂಬ ಹಸಿರು ಬಳೆ, ಕೊರಳಲ್ಲಿ ಇನ್ನೂ ಹೊಳಪು ಮಾಸದ ತಾಳಿ.

“ಯಾರ್ರೀ ಇವ್ರು?”

“ಮಸ್ಕಿ ಫ್ಯಾಕ್ಟರಿ ಮೇಡಂ, ಜ್ಯೋತಿ. ನನ್ನ ಮಾಲು ಖರೇ ಇತ್ತಂತ, ಹೇಳಾಕ ಬಂದಾರ.”

ಜ್ಯೋತಿಯ ಮುಖ ಅರಳಿತು. “ನಾ ಹೇಳಿರಲಿಲ್ಲೇನು? ಅಕ್ಕಾರ, ಮದಿವಿ ಮಾತು ಆಡೂ ದಿನಾನ ಇವ್ರು ಎಲ್ಲಾ ಹೇಳಿದ್ರು, ಕಳ್ಳ ಮಾಲಿನವ ಅಂತ ಹೆಸರು ಬಂದೈತಿ, ನೋಡವ್ವ ಅಂತ. ನಾ ಅಂದೆ, ನೀವು ಅಲ್ಲ ಅಂದ್ರಲ್ಲ, ಅಷ್ಟ ಸಾಕು. ನನಗ ಮೋನೆಲ್ ಅಂದ್ರ ಏನಂತ ಈಗೂ ಗೊತ್ತಿಲ್ರಿ!”

ರಾಜಶ್ರೀ ಮಜ್ಜಿಗೆ ಕುಡಿದಳು. ಕುಡಿಯದೆ ಬೇರೆ ದಾರಿ ಇರಲಿಲ್ಲ. ಹೊರಡುವಾಗ ಕೆಂಪು ದಾರದ ಮ್ಯಾಗ್ನೆಟ್ ಮೇಜಿನ ಮೇಲಿಟ್ಟಳು. ಆನಂದಕುಮಾರ ಅದನ್ನು ಎತ್ತಿ ಅವಳ ಅಂಗೈಗೇ ಹಾಕಿದ.

“ನಿಮ್ಮ ಹತ್ರಾನ ಇರಲಿ. ಮುಂದ ಯಾರದರ ಮಾಲು ಬಂದ್ರ, ತಣ್ಣಗ ಮಾಡಿ ಒಮ್ಮೆ ನೋಡ್ರಿ.” ಅಷ್ಟು ಹೇಳಿ ಅವನು ಮಷೀನಿನ ಕಡೆ ತಿರುಗಿದ.

ಮರುದಿನ ಅವಳೇ ಕುಳಿತು, ಗುಜರಿಗೆ ಕೊಡದೆ ಉಳಿಸಿಕೊಂಡ ಮುಚ್ಚಳದ ಕೆಂಪು ಗೀಟನ್ನು ಸೀಮೆಎಣ್ಣೆ ಹಾಕಿ ತಿಕ್ಕಿ ತೆಗೆದಳು. ತಪ್ಪು ತನ್ನದೆಂದು ಬರೆದು ಮ್ಯಾನೇಜರ್‌ಗೆ ಕೊಟ್ಟಳು, ಸುತ್ತಲಿನ ಫ್ಯಾಕ್ಟರಿಗಳಿಗೆಲ್ಲ ಅದರ ನಕಲು ಕಳಿಸಿದಳು. ಸಿಂಧನೂರಿನ ಲೇತ್ ಮತ್ತೆ ಫ್ಲ್ಯಾಂಜ್ ಕಡೆಯತೊಡಗಿತು. ತಲುಪಿಸಲು ಮಾತ್ರ ಟಂಟಂ ಡ್ರೈವರ್ ಬರುತ್ತಿದ್ದ, ಪ್ರತಿ ಮುಚ್ಚಳಕ್ಕೆ ಒಂದೇ ಸಲ. ಹೊಸ ಮುಚ್ಚಳಗಳ ಅಂಚಿನಲ್ಲಿ ಚುಕ್ಕಿ ಇರಲಿಲ್ಲ.

ಮತ್ತೆ ಮೇ ಬಂತು, ಮತ್ತೆ ಲೈನ್ ಬಂದ್ ಆಯಿತು. ಮಾನಪ್ಪ ಆ ಹಳೆಯ ದೊಡ್ಡ ಮುಚ್ಚಳವನ್ನು ಜಾಗಕ್ಕೆ ಎತ್ತುವ ಮುನ್ನ, ರೂಢಿಯಂತೆ ರಾಜಶ್ರೀ ಮ್ಯಾಗ್ನೆಟ್ ತಾಗಿಸಿದಳು. ಕಾದ ಲೋಹದಿಂದ ಅದು ಜಾರಿ ಅವಳ ಬೂಟಿನ ಬಳಿ ಬಿತ್ತು.

ಮಾನಪ್ಪ ತನ್ನ ಬೆಂದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. “ಹಿಡೀಲಿಲ್ಲಲ್ಲವ್ವ?”

“ಹಿಡೀದಿದ್ರೂ ಇದು ಮೋನೆಲ್ ಐತಿ, ಕಾಕಾ” ಎಂದಳು ರಾಜಶ್ರೀ. ಬೆರಳು ಅಂಚಿನ ಎರಡು ಚುಕ್ಕಿಗಳ ಮೇಲಿತ್ತು. “ಕಡದವರು ಹೇಳ್ಯಾರ.”

ಮಾನಪ್ಪ ಅವಳ ಮುಖ ನೋಡಿದ, ಮತ್ತೇನೂ ಕೇಳದೆ ಮೊದಲ ಬೋಲ್ಟು ತೂರಿಸಿ ಬಿಗಿಯತೊಡಗಿದ.